ಎಣ್ಣೆಯ ಬದಲು ಕಟ್ಟಿಗೆ: ಅರಿಷಿಣ ಬೇಯಿಸುವ ಬಾಯ್ಲರಿನ ಆಯ್ಕೆ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರು ಕಂಡ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಕಬ್ಬಿನ ಜೊತೆಗೆ ಅರಿಷಿಣವನ್ನೂ ಬೆಳೆಯುವ ರೈತರಿದ್ದಾರೆ. ಮೇ-ಜೂನ್ ತಿಂಗಳಲ್ಲಿ ನಾಟಿ ಮಾಡಿದ ಬೆಳೆ ಜನವರಿಯಿಂದ ಮಾರ್ಚಿಯವರೆಗೆ ಕೀಳಲು ಬರುತ್ತದೆ. ಕಿತ್ತ ಗಡ್ಡೆಯನ್ನು ಹಾಗೆಯೇ ಮಾರುವಂತಿಲ್ಲ. ಎರಡು ಮೂರು ದಿನಗಳೊಳಗೆ ಅದನ್ನು ಬೇಯಿಸಿ, ಬಿಸಿಲಿಗೆ ಒಣಗಿಸಿ, ಹೊಳಪು ಕೊಟ್ಟ ನಂತರವೇ ಸಾಂಗಲಿಯಂತಹ ಪೇಟೆಗೆ ಒಯ್ಯಬೇಕು. ಒಂಬತ್ತು ತಿಂಗಳು ಗೊಬ್ಬರ, ನೀರು, ಕಳೆ ಎಂದು ದುಡಿದು ಬೆಳೆದ ಬೆಳೆಯ ಬೆಲೆಯು ಕೊನೆಯ ಈ ಕೆಲವು ದಿನಗಳ ಬೆಂಕಿಯ ಮೇಲೆ ನಿಂತಿರುತ್ತದೆ.

ಬೇಯಿಸುವುದರಿಂದ ಗಡ್ಡೆಯೊಳಗಿನ ಜೀವ ನಿಂತು ಮೊಳಕೆ ತಡೆಯುತ್ತದೆ, ಪಿಷ್ಟವು ಬೆಂದು ಗಟ್ಟಿಯಾಗುತ್ತದೆ, ಹಳದಿ ಬಣ್ಣವು ಒಂದೇ ಸಮನಾಗಿ ಹರಡುತ್ತದೆ ಮತ್ತು ಒಣಗುವ ಅವಧಿ ಕಡಿಮೆಯಾಗುತ್ತದೆ. ಹಿಂದಿನಿಂದಲೂ ಇದನ್ನು ಅಗಲವಾದ ಕಡಾಯಿಗಳಲ್ಲಿ ನೀರು ತುಂಬಿ ಮಾಡುತ್ತಿದ್ದರು. ಈಗ ಹಲವೆಡೆ ಟ್ರೇಲರಿನ ಮೇಲೆ ಕೂರಿಸಿದ ಬಾಯ್ಲರಿನಿಂದ ಆವಿಯನ್ನು ಡ್ರಮ್ಮುಗಳಿಗೆ ಬಿಟ್ಟು ಬೇಯಿಸುವ ಪದ್ಧತಿ ಬಂದಿದೆ. ನೀರು ಕಡಿಮೆ ಸಾಕು, ಕೆಲಸ ಬೇಗ ಮುಗಿಯುತ್ತದೆ, ಗಡ್ಡೆ ಸಮನಾಗಿ ಬೇಯುತ್ತದೆ. ಆದುದರಿಂದ ಆವಿಯೇ ಮೇಲು ಎಂಬುದರಲ್ಲಿ ಸಂಶಯವಿಲ್ಲ. ಸಂಶಯವಿರುವುದು, ಆ ಆವಿಯನ್ನು ಏನನ್ನು ಉರಿಸಿ ಪಡೆಯಬೇಕು ಎಂಬುದರಲ್ಲಿ.

ಡೀಸೆಲ್ ಬರ್ನರ್ ಇರುವ ಸಣ್ಣ ಬಾಯ್ಲರುಗಳು ಅನುಕೂಲಕರ. ಗುಂಡಿ ಒತ್ತಿದರೆ ಉರಿ ಹತ್ತುತ್ತದೆ, ಬೂದಿ ಬಳಿಯುವ ಕೆಲಸವಿಲ್ಲ. ಆದರೆ ಎಣ್ಣೆಯ ಖರ್ಚು ರೈತನ ಲಾಭವನ್ನು ತಿನ್ನುತ್ತದೆ. "ಸಾಹೇಬ್ರ, ಡೀಸೆಲ್ ಹಾಕಿ ಹಾಕಿ ಸಾಕಾಗೇತ್ರಿ, ಕಟ್ಟಿಗಿ ಬಾಯ್ಲರ್ ತಗೋಬೇಕಂತ ಮಾಡೀವಿ, ಯಾವುದು ಚಲೋ?" ಎಂದು ಕೇಳುವ ರೈತರು ಇತ್ತೀಚೆಗೆ ಹೆಚ್ಚಾಗಿದ್ದಾರೆ. ಈ ಲೇಖನವು ಆ ಪ್ರಶ್ನೆಗೆ ಉತ್ತರ. ಉತ್ತರದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ: ಬಾಯ್ಲರನ್ನು ಆರಿಸುವ ಮೊದಲು ಕಟ್ಟಿಗೆಯನ್ನು ಆರಿಸಬೇಕು. ಒಣ ಕಟ್ಟಿಗೆಯ ಖಾತ್ರಿ ಇಲ್ಲದವನಿಗೆ ಯಾವ ಬಾಯ್ಲರೂ ಚಲೋ ಅಲ್ಲ.

ಒಂದು ಅನುಭವ

ಕೆಲವು ವರ್ಷಗಳ ಹಿಂದೆ ರಬಕವಿ-ಬನಹಟ್ಟಿ ತಾಲೂಕಿನ ಒಂದು ಹಳ್ಳಿಯಲ್ಲಿ ಹತ್ತು ಜನ ರೈತರು ಕೂಡಿ, ಎಣ್ಣೆಯ ಬಾಯ್ಲರನ್ನು ಬಿಟ್ಟು ಕಟ್ಟಿಗೆಯ ಬಾಯ್ಲರ್ ತಂದರು. ವಾರದೊಳಗೆ ಅವರಿಂದ ಕರೆ ಬಂತು. ಆವಿ ಏಳುವುದಿಲ್ಲ, ಎದ್ದರೂ ನಿಲ್ಲುವುದಿಲ್ಲ, ಕಿತ್ತ ಅರಿಷಿಣ ರಾಶಿಯಲ್ಲಿಯೇ ಬಿಸಿಯಾಗುತ್ತಿದೆ ಎಂದರು. ನಾನು ಹೋದಾಗ ಚಿಮಣಿಯಿಂದ ದಟ್ಟವಾದ ಬಿಳಿ ಹೊಗೆ ಬರುತ್ತಿತ್ತು. ಯಂತ್ರದಲ್ಲಿಯೇ ದೋಷವಿದೆ ಎಂದು ನಾನೂ ಮೊದಲು ಭಾವಿಸಿದೆ. ಅರ್ಧ ದಿನ ಅದರ ಜಾಲರಿ, ಕೊಳವೆ, ಬಾಗಿಲುಗಳನ್ನೇ ನೋಡುತ್ತ ಕಳೆದೆ.

ಕೊನೆಗೆ ಕಣ್ಣು ಕಟ್ಟಿಗೆಯ ಕಡೆಗೆ ಹೋಯಿತು. ಕಾಲುವೆಯ ದಂಡೆಯ ಬಳ್ಳಾರಿ ಜಾಲಿಯನ್ನು ಹದಿನೈದು ದಿನಗಳ ಹಿಂದಷ್ಟೇ ಕಡಿದು ತಂದಿದ್ದರು. ಸರಿಯಾಗಿ 1 ಕಿ.ಗ್ರಾಂ ತೂಗುವ ತುಂಡನ್ನು ನನ್ನ ಜೊತೆಗೆ ತಂದು, ಸೀಳಿ, ತೂಕ ಇನ್ನು ಇಳಿಯದು ಎನ್ನುವವರೆಗೆ ಒಣಗಿಸಿದೆ. ಉಳಿದದ್ದು 580 ಗ್ರಾಂ. ಅಂದರೆ ಅವರು ಒಲೆಗೆ ಹಾಕುತ್ತಿದ್ದ ಪ್ರತಿ ನೂರು ಕಿಲೊ ಕಟ್ಟಿಗೆಯಲ್ಲಿ 42 ಕಿಲೊ ಬರಿಯ ನೀರು! ಬಾಯ್ಲರಿನ ಒಳಗಿನ ನೀರನ್ನು ಕಾಯಿಸುವ ಮೊದಲು ಆ ಬೆಂಕಿಯು ಕಟ್ಟಿಗೆಯೊಳಗಿನ ನೀರನ್ನು ಕುದಿಸಿ ಚಿಮಣಿಯ ಮೂಲಕ ಆಕಾಶಕ್ಕೆ ಕಳಿಸುತ್ತಿತ್ತು. ಗುಂಪಿನ ಹಿರಿಯರೊಬ್ಬರು ಇದನ್ನು ಕೇಳಿ ಹೇಳಿದ ಮಾತು ನೆನಪಿನಲ್ಲಿ ಉಳಿದಿದೆ: "ಯಂತ್ರ ನೋಡಾಕ ನಾಕು ಮಂದಿ ಹೋಗಿದ್ವಿರಿ, ಕಟ್ಟಿಗಿ ನೋಡಾಕ ಒಬ್ಬಾವನೂ ಹೋಗಿರಲಿಲ್ಲ."

ಮುಂದಿನ ಹಂಗಾಮಿಗೆ ಅವರು ಅದೇ ಬಾಯ್ಲರನ್ನು, ಬೇಸಿಗೆಯೆಲ್ಲ ಒಣಗಿಸಿದ ಕಟ್ಟಿಗೆಯಿಂದ ನಡೆಸಿದರು. ಆವಿಯ ತಕರಾರು ಮತ್ತೆ ಬರಲಿಲ್ಲ.

ಹಸಿ ಮತ್ತು ಒಣ ಕಟ್ಟಿಗೆಯ ಲೆಕ್ಕ

ಉರುವಲಿನ ಶಕ್ತಿಯನ್ನು ಕಿಲೊಕ್ಯಾಲರಿಗಳಲ್ಲಿ ಅಳೆಯುತ್ತಾರೆ. ಕೆಳಗಿನ ಅಂಕಿಗಳು ಸ್ಥೂಲವಾದವು, ಆದರೆ ನಿರ್ಧಾರಕ್ಕೆ ಸಾಕು.

1 ಲೀಟರ್ ಡೀಸೆಲ್: ಸುಮಾರು 8,600 ಕಿಲೊಕ್ಯಾಲರಿ.
1 ಕಿ.ಗ್ರಾಂ ಒಣ ಕಟ್ಟಿಗೆ (ತೇವಾಂಶ ಶೇ. 20): ಸುಮಾರು 3,400 ಕಿಲೊಕ್ಯಾಲರಿ.
1 ಕಿ.ಗ್ರಾಂ ಹಸಿ ಕಟ್ಟಿಗೆ (ತೇವಾಂಶ ಶೇ. 50): ಸುಮಾರು 1,900 ಕಿಲೊಕ್ಯಾಲರಿ.

ಇದೆಲ್ಲವೂ ಆವಿಗೆ ಸೇರುವುದಿಲ್ಲ. ಎಣ್ಣೆಯ ಬಾಯ್ಲರಿನಲ್ಲಿ ಶೇಕಡಾ 80ರಷ್ಟು ಶಾಖ ಉಪಯೋಗಕ್ಕೆ ಬರುತ್ತದೆ ಎಂದು ಹಿಡಿಯೋಣ. ಕಟ್ಟಿಗೆಯ ಸಣ್ಣ ಬಾಯ್ಲರಿನಲ್ಲಿ ಒಣ ಕಟ್ಟಿಗೆ ಹಾಕಿದರೆ ಶೇಕಡಾ 60, ಹಸಿ ಕಟ್ಟಿಗೆ ಹಾಕಿದರೆ ಉರಿಯೇ ತಣ್ಣಗಾಗಿ ಶೇಕಡಾ 45ರಷ್ಟು ಮಾತ್ರ. ಈ ಪ್ರಕಾರ ಲೆಕ್ಕ ಹಾಕಿದಾಗ 1 ಲೀಟರ್ ಡೀಸೆಲಿನ ಕೆಲಸವನ್ನು ಮಾಡಲು ಒಣ ಕಟ್ಟಿಗೆ ಸುಮಾರು ಮೂರೂವರೆ ಕಿಲೊ ಸಾಕು. ಹಸಿ ಕಟ್ಟಿಗೆಯಾದರೆ 8 ಕಿಲೊ ಬೇಕು. ಯಂತ್ರ ಒಂದೇ, ಮರ ಒಂದೇ. ವ್ಯತ್ಯಾಸ ನೀರಿನದು ಮಾತ್ರ.

ಇದನ್ನೇ ಹತ್ತು ಜನರ ಒಂದು ಗುಂಪಿಗೆ ಅನ್ವಯಿಸಿ ನೋಡೋಣ. ತಲಾ 2 ಎಕರೆಯಂತೆ 20 ಎಕರೆ ಅರಿಷಿಣ, ಎಕರೆಗೆ 100 ಕ್ವಿಂಟಲ್ ಹಸಿ ಗಡ್ಡೆ ಎಂದರೆ ಒಟ್ಟು 2,000 ಕ್ವಿಂಟಲ್. ಡ್ರಮ್ಮು, ಕೊಳವೆಗಳಲ್ಲಿ ಆಗುವ ನಷ್ಟವನ್ನೂ ಸೇರಿಸಿ ಒಂದು ಕ್ವಿಂಟಲ್ ಗಡ್ಡೆಗೆ 20 ಕಿ.ಗ್ರಾಂ ಆವಿ ಬೇಕೆಂದು ಹಿಡಿಯೋಣ. ಒಂದು ಕಿಲೊ ಆವಿಗೆ ಸುಮಾರು 610 ಕಿಲೊಕ್ಯಾಲರಿ ಬೇಕು. ಹೀಗೆ ಇಡೀ ಹಂಗಾಮಿಗೆ,

ಡೀಸೆಲ್ ಆದರೆ ಸುಮಾರು 3,500 ಲೀಟರ್. ಲೀಟರಿಗೆ 90 ರೂಪಾಯಿಯಂತೆ 3,15,000 ರೂಪಾಯಿ.
ಒಣ ಕಟ್ಟಿಗೆಯಾದರೆ ಸುಮಾರು 12 ಟನ್. ಕಡಿದು, ಸೀಳಿ, ಸಾಗಿಸಿದ ಖರ್ಚು ಕೂಡಿ ಕಿಲೊಗೆ 6 ರೂಪಾಯಿಯಂತೆ 72,000 ರೂಪಾಯಿ.
ಹಸಿ ಕಟ್ಟಿಗೆಯಾದರೆ ಸುಮಾರು 28.5 ಟನ್. ಕಿಲೊಗೆ 4 ರೂಪಾಯಿಗೇ ಸಿಕ್ಕರೂ 1,14,000 ರೂಪಾಯಿ.

ದರಗಳನ್ನು ಉದಾಹರಣೆಗಾಗಿ ಹಿಡಿದಿದೆ. ರೈತರು ತಮ್ಮ ಊರಿನ ದರ ಹಾಕಿ ನೋಡಬೇಕು. ಆದರೆ ಒಂದು ಮಾತು ಬದಲಾಗುವುದಿಲ್ಲ: ಅಗ್ಗವೆಂದು ತಂದ ಹಸಿ ಕಟ್ಟಿಗೆಯೇ ಕೊನೆಗೆ ತುಟ್ಟಿ ಬೀಳುತ್ತದೆ.

ಕಟ್ಟಿಗೆಯ ಬಾಯ್ಲರಿಗೆ ಆಳು ಹೆಚ್ಚು ಬೇಕು ಎಂಬುದನ್ನು ಮರೆಯಬಾರದು. ದಿನಕ್ಕೆ ಇಬ್ಬರು ಹೆಚ್ಚುವರಿ ಆಳು, ತಲಾ 500 ರೂಪಾಯಿ, 40 ದಿನ ಎಂದರೆ 40,000 ರೂಪಾಯಿ. ಇದನ್ನೂ ಕಳೆದರೆ ಗುಂಪಿಗೆ ಹಂಗಾಮಿಗೆ ಸುಮಾರು 2 ಲಕ್ಷ ರೂಪಾಯಿ ಉಳಿಯುತ್ತದೆ. ಬಾಯ್ಲರಿನ ಬೆಲೆ 4 ಲಕ್ಷ ಎಂದಿಟ್ಟುಕೊಂಡರೆ ಎರಡು ಹಂಗಾಮಿನಲ್ಲಿ ಹಣ ಮರಳುತ್ತದೆ. ಆದರೆ 2 ಎಕರೆ ಇರುವ ಒಬ್ಬನೇ ರೈತ ಇದನ್ನೇ ಕೊಂಡರೆ ವರ್ಷಕ್ಕೆ ಉಳಿಯುವುದು 20,000 ರೂಪಾಯಿ ಮಾತ್ರ. ಹಣ ಮರಳಲು 20 ವರ್ಷ ಬೇಕು. ಅಷ್ಟರಲ್ಲಿ ಬಾಯ್ಲರಿನ ತಗಡು ತುಕ್ಕು ತಿಂದಿರುತ್ತದೆ. ಆದುದರಿಂದ ಸಣ್ಣ ಹಿಡುವಳಿದಾರರು ಒಂಟಿಯಾಗಿ ಕೊಳ್ಳುವುದು ತರವಲ್ಲ. ಬಾಡಿಗೆಗೆ ತರಿಸಿಕೊಳ್ಳಬೇಕು, ಇಲ್ಲವೆ ಕೂಡಿ ಕೊಳ್ಳಬೇಕು. 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಮತ್ತು ಶ್ರಮ ಕೂಡಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ನಾಡಿದು. ಹತ್ತು ಮನೆಗಳು ಕೂಡಿ ಒಂದು ಬಾಯ್ಲರ್ ನಡೆಸುವುದು ಇಲ್ಲಿಯವರಿಗೆ ಕಷ್ಟವಾಗಲಾರದು.

ಹೊರಗಿನವರು ಕಲಿತ ಪಾಠ

ಎಣ್ಣೆಯಿಂದ ಕಟ್ಟಿಗೆಗೆ ತಿರುಗಿದವರಲ್ಲಿ ನಾವು ಮೊದಲಿಗರಲ್ಲ. 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆಯನ್ನು ತಡೆದು ಬೆಲೆ ಹಲವು ಪಟ್ಟು ಏರಿದಾಗ, ಮತ್ತೆ 1979ರಲ್ಲಿ ಬೆಲೆ ಜಿಗಿದಾಗ, ಸ್ವೀಡನ್, ಆಸ್ಟ್ರಿಯಾಗಳಂತಹ ಚಳಿದೇಶಗಳಲ್ಲಿ ಮನೆ ಬೆಚ್ಚಗಿಡಲು ಎಣ್ಣೆ ಉರಿಸುತ್ತಿದ್ದ ಅನೇಕರು ಕಟ್ಟಿಗೆಯ ಬಾಯ್ಲರಿನ ಕಡೆಗೆ ನೋಡತೊಡಗಿದರು. ಅವರು ಕಲಿತದ್ದು ಎರಡು ಪಾಠ. ಮೊದಲನೆಯದು, ಕಟ್ಟಿಗೆಯನ್ನು ಸೀಳಿ ಒಂದು ವರ್ಷವಾದರೂ ಮಾಡಿನ ಕೆಳಗೆ ಒಣಗಿಸಬೇಕು. ಎರಡನೆಯದು, ಬೆಂಕಿಯನ್ನು ಹೊಗೆಯಾಡಿಸುತ್ತ ಇಡದೆ ಪೂರ್ಣ ಪ್ರಮಾಣದಲ್ಲಿ ಉರಿಸಬೇಕು.

ನಮ್ಮ ನಾಡಿನಲ್ಲಿಯೂ ಈ ವಿಷಯದಲ್ಲಿ ಒಳ್ಳೆಯ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೆ ಪರಿಚಿತ. ಜಾಲರಿಯ ಮೇಲೆ ಕಟ್ಟಿಗೆ ಇಟ್ಟು, ಕೆಳಗಿನಿಂದ ಗಾಳಿ ಕೊಟ್ಟು, ಬಾಯಿಯನ್ನು ಮುಚ್ಚಿ, ಹೊಗೆಯನ್ನು ಕೊಳವೆಯಿಂದ ಹೊರಗೆ ಬಿಟ್ಟರೆ ಅದೇ ಕಟ್ಟಿಗೆಯಿಂದ ಹೆಚ್ಚು ಶಾಖ ಪಡೆಯಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. ಅಡುಗೆಯ ಒಲೆಗೆ ಸತ್ಯವಾದದ್ದು ಬಾಯ್ಲರಿಗೂ ಸತ್ಯ.

ಯಾವ ಉರುವಲು?

ಬಳ್ಳಾರಿ ಜಾಲಿ: ಕಾಲುವೆ, ಹಳ್ಳ, ಬೀಳುಭೂಮಿಗಳಲ್ಲಿ ತಾನಾಗಿಯೇ ಹಬ್ಬಿರುವ ಇದರ ಕಟ್ಟಿಗೆ ಗಟ್ಟಿ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಬಾಯ್ಲರಿಗೆ ಇದು ಉತ್ತಮ. ಆದರೆ ಉರುವಲಿಗಾಗಿ ಇದನ್ನು ಹೊಲದಲ್ಲಿ ನೆಡಬಾರದು. ಒಮ್ಮೆ ಹೊಕ್ಕರೆ ತೆಗೆಯುವುದು ಕಷ್ಟ. ಸ್ವಂತದ್ದಲ್ಲದ ಜಾಗದಲ್ಲಿ ಕಡಿಯುವುದಕ್ಕೆ ಸಂಬಂಧಿಸಿದವರ ಒಪ್ಪಿಗೆ ಬೇಕು. ಬೇರೆ ಮರಗಳಾದರೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕೇ ಎಂಬುದನ್ನು ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು.

ಹತ್ತಿ ಮತ್ತು ತೊಗರಿ ಕಟ್ಟಿಗೆ: ಎಕರೆಗೆ ಸುಮಾರು ಒಂದು ಟನ್ ಒಣ ಕಟ್ಟಿಗೆ ದೊರೆಯುತ್ತದೆ. ಬೇಗ ಒಣಗುತ್ತದೆ, ಬೇಗ ಹೊತ್ತಿಕೊಳ್ಳುತ್ತದೆ, ಆದರೆ ಬೇಗ ಉರಿದು ಹೋಗುವುದರಿಂದ ಪದೇ ಪದೇ ಹಾಕುತ್ತಿರಬೇಕು. ಗಟ್ಟಿ ಕಟ್ಟಿಗೆಯ ಜೊತೆಗೆ ಬೆರೆಸಿ ಉರಿಸುವುದು ಜಾಣತನ. ಹತ್ತಿಯ ವಿಷಯದಲ್ಲಿ ಇನ್ನೊಂದು ಲಾಭವಿದೆ. ಬಿಡಿಸಿ ಮುಗಿದ ಗಿಡಗಳನ್ನು ಹೊಲದಲ್ಲಿ ಬಿಟ್ಟರೆ ಗುಲಾಬಿ ಕಾಯಿಕೊರಕವು ಉಳಿದ ಕಾಯಿಗಳಲ್ಲಿ ಅಡಗಿ ಮುಂದಿನ ಬೆಳೆಗೆ ದಾಟುತ್ತದೆ. ಜನವರಿ-ಫೆಬ್ರುವರಿಯಲ್ಲಿ ಗಿಡ ಕಿತ್ತು ಅದೇ ಹಂಗಾಮಿನ ಅರಿಷಿಣಕ್ಕೆ ಉರಿಸಿದರೆ ಕೀಟದ ದಾರಿಯೂ ಮುಚ್ಚಿತು, ಉರುವಲೂ ಆಯಿತು. ಹತ್ತಿ ಕಟ್ಟಿಗೆಯನ್ನು ಮಾತ್ರ ಮುಂದಿನ ವರ್ಷಕ್ಕೆಂದು ಬದುವಿನ ಮೇಲೆ ಒಟ್ಟಿ ಇಡಬಾರದು.

ಗೋವಿನಜೋಳದ ದಿಂಡು: ಒಣಗಿದ್ದರೆ ಒಳ್ಳೆಯ ಉರುವಲು. ಸಣ್ಣ ತುಂಡುಗಳಾದ್ದರಿಂದ ಜಾಲರಿಯ ಸಂದು ಕಿರಿದಾಗಿರಬೇಕು.

ಕಬ್ಬಿನ ಸಿಪ್ಪೆ: ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಳು ಅರ್ಧದಷ್ಟು ತೇವವಿರುವ ಸಿಪ್ಪೆಯನ್ನೇ ಉರಿಸಿ ಆವಿ, ವಿದ್ಯುತ್ತು ತೆಗೆಯುತ್ತವೆಯಲ್ಲ, ನಾವೇಕೆ ಉರಿಸಬಾರದು ಎಂದು ಕೇಳುವವರಿದ್ದಾರೆ. ಅಲ್ಲಿನ ಒಲೆ ಮನೆಯಷ್ಟು ಎತ್ತರ; ಒಳಗೆ ಹೋಗುವ ಗಾಳಿಯನ್ನೂ ಕಾಯಿಸಿ ಬಿಡುತ್ತಾರೆ. ಸಣ್ಣ ಬಾಯ್ಲರಿನಲ್ಲಿ ಅದು ಸಾಧ್ಯವಿಲ್ಲ. ಬೆಲ್ಲದ ಗಾಣದವರು ಮಾಡುವಂತೆ ಬಿಸಿಲಿಗೆ ಹರಡಿ ಚೆನ್ನಾಗಿ ಒಣಗಿಸಿದರೆ ಮಾತ್ರ ಬಳಸಬಹುದು.

ಹಳೆಯ ಟೈರು, ಪ್ಲಾಸ್ಟಿಕ್, ಬಣ್ಣ ಹಚ್ಚಿದ ಕಟ್ಟಿಗೆಗಳನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಉರಿಸಕೂಡದು. ಅವುಗಳ ಹೊಗೆ ವಿಷ. ಬೆಂಕಿಯ ಮುಂದೆ ನಿಲ್ಲುವವರು ನಮ್ಮ ಮನೆಯವರು, ಪಕ್ಕದಲ್ಲಿ ಒಣಗುತ್ತಿರುವುದು ತಿನ್ನುವ ವಸ್ತು.

ರವದಿಯನ್ನು ಬಾಯ್ಲರಿಗೆ ಹಾಕಬೇಡಿ

ಬೇಸಾಯ ವಿಜ್ಞಾನಿಯಾಗಿ ನಾನು ಒತ್ತಿ ಹೇಳಬೇಕಾದ ಮಾತು ಇದು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಎಕರೆಗೆ 3ರಿಂದ 4 ಟನ್ ರವದಿ ಉಳಿಯುತ್ತದೆ. ಪುಕ್ಕಟೆ ಸಿಗುವ ಉರುವಲು ಎಂದು ಅದರ ಮೇಲೆ ಕಣ್ಣು ಹೋಗುವುದು ಸಹಜ. ಆದರೆ ಇದರಲ್ಲಿ ಎರಡು ಕೆಡಕುಗಳಿವೆ.

ಮೊದಲನೆಯದು ಬಾಯ್ಲರಿಗೆ. ರವದಿಯ ಬೂದಿಯಲ್ಲಿ ಸಿಲಿಕಾ, ಪೊಟ್ಯಾಷ್ ಮತ್ತು ಕ್ಲೋರಿನ್ ಅಂಶಗಳಿರುವುದರಿಂದ ಹೆಚ್ಚು ಉರಿಯಲ್ಲಿ ಅದು ಕರಗಿ ಜಾಲರಿಯ ಮೇಲೆ ಗಾಜಿನಂತಹ ಗಟ್ಟಿಯನ್ನು ಕಟ್ಟುತ್ತದೆ. ಗಾಳಿಯ ದಾರಿ ಮುಚ್ಚಿ ಉರಿ ಸಾಯುತ್ತದೆ, ಕೊಳವೆಗಳೂ ಸವೆಯುತ್ತವೆ.

ಎರಡನೆಯದು ಹೊಲಕ್ಕೆ, ಇದು ಹೆಚ್ಚಿನದು. ರವದಿಯಲ್ಲಿ ಸುಮಾರು ಶೇ. 0.35 ಸಾರಜನಕ ಮತ್ತು ಶೇ. 0.65 ಪೊಟ್ಯಾಷ್ ಇರುತ್ತದೆ. ಮೂರೂವರೆ ಟನ್ನಿಗೆ ಲೆಕ್ಕ ಹಾಕಿದರೆ 12 ಕಿ.ಗ್ರಾಂ ಸಾರಜನಕ, 23 ಕಿ.ಗ್ರಾಂ ಪೊಟ್ಯಾಷ್. ಉರಿಸಿದರೆ ಸಾರಜನಕವೂ ಸಾವಯವ ಇಂಗಾಲವೂ ಹೊಗೆಯಲ್ಲಿ ಹೋಗುತ್ತವೆ. ಗೊಬ್ಬರದ ಬೆಲೆಗಿಂತ ದೊಡ್ಡ ನಷ್ಟ ಮಣ್ಣಿನ ಮೈಗೆ. ವರ್ಷಗಟ್ಟಲೆ ಹೆಚ್ಚು ನೀರು ಹಾಯಿಸಿ ಎಷ್ಟೋ ಎರೆಹೊಲಗಳು ಸವಳು-ಜವಳಾಗಿವೆ. ಮಣ್ಣನ್ನು ಸಡಿಲಿಸಿ, ತೇವ ಕಾಯ್ದು, ಉಪ್ಪು ಮೇಲೇಳದಂತೆ ತಡೆಯುವುದು ಸಾಲುಗಳ ಮಧ್ಯೆ ಹೊದಿಸಿದ ರವದಿಯೇ. ಹೊಲದ ಬಾಯಿಂದ ಕಸಿದು ಒಲೆಯ ಬಾಯಿಗೆ ಹಾಕಿದರೆ ಡೀಸೆಲಿನಲ್ಲಿ ಉಳಿಸಿದ್ದನ್ನು ಇಳುವರಿಯಲ್ಲಿ ಕಳೆದುಕೊಳ್ಳುತ್ತೇವೆ.

ಉರುವಲನ್ನು ಹೊಲದಿಂದ ತೆಗೆಯುವ ಬದಲು ಬದುವಿನಿಂದ ತೆಗೆಯಿರಿ. ಬದುಗಳ ಮೇಲೆ ಗ್ಲಿರಿಸಿಡಿಯಾ ನೆಟ್ಟು ವರ್ಷವರ್ಷವೂ ಸವರಿದರೆ ಸೊಪ್ಪು ಹಸಿರೆಲೆ ಗೊಬ್ಬರಕ್ಕೆ, ಕೋಲು ಉರುವಲಿಗೆ. ಸುಬಾಬುಲ್ ಕೂಡ ಕಡಿದಷ್ಟೂ ಚಿಗುರುವ ಮರ. ಆದರೆ ಬೀಜ ಕಟ್ಟಲು ಬಿಡದೆ ಸವರಬೇಕು.

ಒಣಗಿಸುವ ಕ್ರಮ

ಅರಿಷಿಣ ಬೇಯಿಸುವುದು ಜನವರಿಯಿಂದ. ಅದಕ್ಕೆ ಬೇಕಾದ ಕಟ್ಟಿಗೆಯನ್ನು ಹಿಂದಿನ ಫೆಬ್ರುವರಿ-ಮಾರ್ಚಿಯೊಳಗೆ ಕಡಿಯಬೇಕು. ಅಂದರೆ ಈ ವರ್ಷದ ಒಲೆ ಉರಿಯುತ್ತಿರುವಾಗಲೇ ಮುಂದಿನ ವರ್ಷದ ಕಟ್ಟಿಗೆ ಬೀಳಬೇಕು. ಏಪ್ರಿಲ್-ಮೇ ತಿಂಗಳ ನಮ್ಮ ಬಿರುಬಿಸಿಲು ಪುಕ್ಕಟೆಯಾಗಿ ಒಣಗಿಸಿಕೊಡುತ್ತದೆ.

1. ಕಟ್ಟಿಗೆಯನ್ನು ಬಾಯ್ಲರಿನ ಬಾಗಿಲಿಗೆ ಹಿಡಿಸುವ ಉದ್ದಕ್ಕೆ ತುಂಡು ಮಾಡಿ, ತೋಳಿಗಿಂತ ದಪ್ಪವಿದ್ದುದನ್ನು ಸೀಳಬೇಕು. ತೊಗಟೆ ಮುಚ್ಚಿದ ದಿಮ್ಮಿ ಒಳಗೆ ಒಣಗುವುದಿಲ್ಲ.
2. ನೆಲಕ್ಕೆ ತಾಗದಂತೆ ಎರಡು ಸಾಲು ಕಲ್ಲು ಅಥವಾ ದಿಮ್ಮಿಯ ಮೇಲೆ, ಗಾಳಿ ಆಡುವಂತೆ ಅಡ್ಡಡ್ಡವಾಗಿ ಒಟ್ಟಬೇಕು.
3. ಮಳೆಗಾಲಕ್ಕೆ ಮುಂಚೆ ಒಟ್ಟಿಲಿನ ತಲೆಯನ್ನು ತಗಡಿನಿಂದ ಮುಚ್ಚಬೇಕು, ಬದಿಗಳನ್ನು ಮುಚ್ಚಬಾರದು.
4. ಒಟ್ಟಿಲು ಬಾಯ್ಲರಿನಿಂದ ದೂರವಿರಬೇಕು. ಕಿಡಿ ಹಾರಿ ಬಣವೆಗೆ ಬಿದ್ದ ಮೇಲೆ ಪಶ್ಚಾತ್ತಾಪ ಪಟ್ಟು ಫಲವಿಲ್ಲ.

ಗಟ್ಟಿ ಕಟ್ಟಿಗೆಯನ್ನು ಒಟ್ಟಿದಾಗ ಒಂದು ಘನ ಮೀಟರಿಗೆ 4ರಿಂದ 5 ಕ್ವಿಂಟಲ್ ಹಿಡಿಯುತ್ತದೆ. 12 ಟನ್ನಿಗೆ ಸುಮಾರು 30 ಘನ ಮೀಟರ್ ಜಾಗ ಬೇಕು. ಹತ್ತು ಜನ ಹಂಚಿಕೊಂಡರೆ ತಲೆಗೆ 3 ಘನ ಮೀಟರಿನ ಒಂದು ಸಣ್ಣ ಒಟ್ಟಿಲು.

ತೇವ ಪರೀಕ್ಷೆ ಸುಲಭ. ಒಟ್ಟಿಲಿನ ಮಧ್ಯದಿಂದ ಒಂದು ತುಂಡು ತೆಗೆದು, ಸೀಳಿ, ಚಕ್ಕೆ ಮಾಡಿ ತೂಗಬೇಕು. ಅದನ್ನು ಬಿಸಿ ತಗಡಿನ ಮೇಲೆ, ಸುಡದಂತೆ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಬೇಕು. 500 ಗ್ರಾಂ ಇದ್ದುದು 400 ಗ್ರಾಂ ಆದರೆ ತೇವಾಂಶ ಶೇ. 20, ಉರಿಸಲು ಸಿದ್ಧ. 350 ಗ್ರಾಂ ಆದರೆ ಶೇ. 30, ಇನ್ನೂ ಕಾಯಬೇಕು. ತೂಕದ ಕಟ್ಟಿಗೆ ಕೊಳ್ಳುವವರು ಈ ಪರೀಕ್ಷೆ ಮಾಡದಿದ್ದರೆ ನೀರಿಗೆ ದುಡ್ಡು ಕೊಟ್ಟಂತೆ.

ಬಾಯ್ಲರ್ ಕೊಳ್ಳುವಾಗ ನೋಡಬೇಕಾದುದು

ಗಾತ್ರ: ದೊಡ್ಡದಾದಷ್ಟೂ ಒಳ್ಳೆಯದು ಎಂಬುದು ತಪ್ಪು ತಿಳುವಳಿಕೆ. ಮೇಲೆ ಹೇಳಿದ ಗುಂಪು 2,000 ಕ್ವಿಂಟಲನ್ನು 40 ದಿನಗಳಲ್ಲಿ ಮುಗಿಸಲು ದಿನಕ್ಕೆ 50 ಕ್ವಿಂಟಲ್ ಬೇಯಿಸಬೇಕು. ದಿನಕ್ಕೆ 8 ತಾಸಿನಂತೆ ತಾಸಿಗೆ 125 ಕಿ.ಗ್ರಾಂ ಆವಿ ಸಾಕು. ತಾಸಿಗೆ 150 ಕಿ.ಗ್ರಾಂ ಆವಿ ಕೊಡುವ ಬಾಯ್ಲರ್ ಸರಿಹೋಗುತ್ತದೆ. 500 ಕಿ.ಗ್ರಾಮಿನದನ್ನು ತಂದರೆ ಉರಿಯನ್ನು ಸದಾ ಅದುಮಿ ಇಡಬೇಕಾಗಿ, ಕೊಳವೆಗಳಲ್ಲಿ ಡಾಂಬರಿನಂತಹ ಜಿಡ್ಡು ಕಟ್ಟುತ್ತದೆ.

ಒಲೆ: ಕಟ್ಟಿಗೆಯ ತೂಕದ ಮುಕ್ಕಾಲು ಭಾಗ ಅನಿಲವಾಗಿ ಹೊರಟು ಮೇಲೆ ಜ್ವಾಲೆಯಾಗಿ ಉರಿಯುತ್ತದೆ, ಉಳಿದದ್ದು ಮಾತ್ರ ಕೆಂಡ. ಆದ್ದರಿಂದ ಜಾಲರಿಯ ಕೆಳಗಿನ ಗಾಳಿಯ ಜೊತೆಗೆ ಮೇಲುಭಾಗದಲ್ಲಿಯೂ ಗಾಳಿಯ ರಂಧ್ರಗಳಿರಬೇಕು, ಜ್ವಾಲೆ ಆಡಲು ಎತ್ತರದ ಜಾಗವಿರಬೇಕು, ಒಳಗೋಡೆಗೆ ಬೆಂಕಿ ಇಟ್ಟಿಗೆ ಇರಬೇಕು. ಎಣ್ಣೆಯ ಬಾಯ್ಲರಿನ ಬರ್ನರ್ ಕಳಚಿ ಅದರ ಬಾಯಿಗೆ ಕಟ್ಟಿಗೆ ತುರುಕುವುದು ಇದೇ ಕಾರಣಕ್ಕೆ ಸಫಲವಾಗುವುದಿಲ್ಲ. ಎಣ್ಣೆಗೆ ಸಾಕಾಗುವ ಜಾಗ ಕಟ್ಟಿಗೆಗೆ ಸಾಲದು, ಬೂದಿ ಬೀಳಲು ತಾವೂ ಇರುವುದಿಲ್ಲ.

ಶುಚಿ: ಹೊಗೆ ಹಾಯುವ ಕೊಳವೆಗಳಿಗೆ ಬ್ರಷ್ ಹಾಕಲು ಬಾಗಿಲು ಇರಲೇಬೇಕು. ವಾರಕ್ಕೊಮ್ಮೆ ಮಸಿ ಬಳಿಯದ ಬಾಯ್ಲರ್ ಹೆಚ್ಚು ಕಟ್ಟಿಗೆ ತಿನ್ನುತ್ತದೆ.

ನೀರು: ನಮ್ಮ ಭಾಗದ ಅನೇಕ ಕೊಳವೆ ಬಾವಿಗಳ ನೀರು ಗಡಸು. ಅದನ್ನು ಕುದಿಸಿದರೆ ಒಳಮೈಗೆ ಸುಣ್ಣದ ಪದರು ಕಟ್ಟಿ ಶಾಖ ದಾಟದಂತಾಗುತ್ತದೆ, ತಗಡು ಸುಡುತ್ತದೆ. ಸಾಧ್ಯವಿದ್ದಷ್ಟು ನದಿ ಅಥವಾ ಕಾಲುವೆಯ ನೀರನ್ನು ತಿಳಿಗೊಳಿಸಿ ಬಳಸಬೇಕು. ಕೊಳವೆ ಬಾವಿಯ ನೀರೇ ಗತಿಯಾದರೆ ನೀರು ಮೆದುಗೊಳಿಸುವ ಸಾಧನ ಬೇಕು. ಬಾಯ್ಲರ್ ತಯಾರಿಸಿದವರು ಹೇಳಿದಂತೆ ತಳದ ನೀರನ್ನು ದಿನವೂ ಸ್ವಲ್ಪ ಹೊರಬಿಡಬೇಕು.

ಹೊಗೆ: ಕೊಳ್ಳುವ ಮೊದಲು ನಡೆಯುತ್ತಿರುವ ಬಾಯ್ಲರನ್ನು ಹೋಗಿ ನೋಡಿ. ಉರಿ ಹಿಡಿದ ಮೇಲೆ ಚಿಮಣಿಯಲ್ಲಿ ಹೊಗೆ ಕಾಣದಂತಿದ್ದರೆ ಉತ್ತಮ. ಕಪ್ಪು ಹೊಗೆ ಗಾಳಿಯ ಕೊರತೆಯ ಗುರುತು, ಬಿಳಿ ಹೊಗೆ ಹಸಿ ಕಟ್ಟಿಗೆಯ ಗುರುತು.

ಜೀವದ ಮಾತು

ನೀರು ಆವಿಯಾದಾಗ 1,600 ಪಟ್ಟು ಹಿಗ್ಗುತ್ತದೆ. ಹಳೆಯ ಬ್ಯಾರಲ್, ಟ್ಯಾಂಕುಗಳಿಗೆ ವೆಲ್ಡಿಂಗ್ ಮಾಡಿ ಕಟ್ಟಿದ ಬಾಯ್ಲರ್ ಅಗ್ಗವಾಗಿ ಸಿಗಬಹುದು. ಅದರ ಪಕ್ಕದಲ್ಲಿ ಮಗನನ್ನು ನಿಲ್ಲಿಸಬಲ್ಲಿರಾ ಎಂದು ಒಮ್ಮೆ ಯೋಚಿಸಿ. 1923ರ ಹಳೆಯ ಕಾಯ್ದೆಯ ಬದಲಿಗೆ ಬಂದ 2025ರ ಬಾಯ್ಲರ್ ಅಧಿನಿಯಮದಲ್ಲಿಯೂ, 25 ಲೀಟರಿಗಿಂತ ಕಡಿಮೆ ಹಿಡಿಯುವವು ಹಾಗೂ ಚದರ ಸೆಂಟಿಮೀಟರಿಗೆ 1 ಕಿ.ಗ್ರಾಂಗಿಂತ ಕಡಿಮೆ ಒತ್ತಡದವು ಬಾಯ್ಲರಿನ ವ್ಯಾಖ್ಯೆಯಿಂದ ಹೊರಗಿವೆ. ಅದಕ್ಕಿಂತ ಮೇಲಿನವುಗಳಿಗೆ ನೋಂದಣಿ, ತಪಾಸಣೆಗಳ ನಿಯಮವಿದೆ. ರಾಜ್ಯದ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯಲ್ಲಿ ಕೇಳಿ, ಕಾಗದಪತ್ರಗಳನ್ನು ನೋಡಿ, ನಂತರವೇ ಮುಂಗಡ ಕೊಡಬೇಕು. ಅರಿಷಿಣ ಬೇಯಿಸಲು ಹೆಚ್ಚಿನ ಒತ್ತಡ ಬೇಕಿಲ್ಲ ಎಂಬುದೂ ನೆನಪಿರಲಿ.

ಒತ್ತಡ ಮಾಪಕ, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ, ಸುರಕ್ಷಾ ಕವಾಟ ಇವು ಮೂರೂ ಇರಬೇಕು, ಕೆಲಸ ಮಾಡುತ್ತಿರಬೇಕು. ಸುರಕ್ಷಾ ಕವಾಟ ಸೋರುತ್ತದೆಂದು ಅದರ ಮೇಲೆ ಭಾರ ಹೇರುವುದು ಸಾವಿಗೆ ಕರೆ ಕಳಿಸಿದಂತೆ. ಗಾಜಿನಲ್ಲಿ ನೀರು ಕಾಣದಿದ್ದರೆ ತಣ್ಣೀರು ಬಿಡಕೂಡದು. ಕಾದ ತಗಡಿಗೆ ನೀರು ಬಿದ್ದರೆ ಒಮ್ಮೆಲೇ ಆವಿಯಾಗಿ ಬಾಯ್ಲರ್ ಸಿಡಿಯಬಹುದು. ಎಣ್ಣೆಯ ಉರಿಯನ್ನು ಗುಂಡಿ ಒತ್ತಿ ಆರಿಸಬಹುದು, ಕಟ್ಟಿಗೆಯ ಕೆಂಡ ಹಾಗಲ್ಲ. ಗಾಳಿಯ ಬಾಗಿಲು ಮುಚ್ಚಿ, ಕೆಂಡಕ್ಕೆ ಒಣ ಮಣ್ಣು ಅಥವಾ ಬೂದಿ ಹೊದಿಸಿ, ಎಲ್ಲರನ್ನೂ ದೂರ ಸರಿಸಿ ತಣ್ಣಗಾಗಲು ಬಿಡಬೇಕು. ವಿದ್ಯುತ್ ಹೋದಾಗಲೂ ನೀರು ಒಳಗೆ ಹೋಗುವಂತೆ ಕೈಪಂಪು ಇರಬೇಕು.

ಬೇಯಿಸುವಾಗ ಮತ್ತು ಬೂದಿಯ ಬಗ್ಗೆ

ತಾಯಿಗಡ್ಡೆ ಮತ್ತು ಮರಿಗಡ್ಡೆಗಳನ್ನು ಬೇರೆ ಬೇರೆಯಾಗಿ ಬೇಯಿಸಬೇಕು. ಕಸಬರಿಗೆಯ ಕಡ್ಡಿ ಸಲೀಸಾಗಿ ಇಳಿದರೆ, ಮುರಿದಾಗ ಒಳಗೆಲ್ಲ ಒಂದೇ ಬಣ್ಣವಿದ್ದರೆ ಹದ ಬಂದಿದೆ ಎಂದು ತಿಳಿಯಬೇಕು. ಹಸಿ ಕಟ್ಟಿಗೆಯಿಂದ ಆವಿ ಒಮ್ಮೆ ಬಂದು ಒಮ್ಮೆ ನಿಂತರೆ ಡ್ರಮ್ಮಿನ ಒಂದು ಭಾಗ ಬೆಂದು ಒಂದು ಭಾಗ ಹಸಿಯಾಗಿ ಉಳಿಯುತ್ತದೆ. ಪೇಟೆಯಲ್ಲಿ ಬಣ್ಣವೇ ಅದನ್ನು ಹೇಳಿಬಿಡುತ್ತದೆ.

ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಷ್ ಇದೆ, ಆದರೆ ಅದು ಕ್ಷಾರ. ನಮ್ಮ ಎರೆಭೂಮಿಯ ರಸಸಾರ ಸಾಮಾನ್ಯವಾಗಿ 8ರ ಮೇಲೆಯೇ ಇರುವುದರಿಂದ ಬೂದಿಯನ್ನು ಒಂದೇ ಹೊಲಕ್ಕೆ ಸುರಿಯಬಾರದು, ಸವಳು ಹೊಲಕ್ಕೆ ಹಾಕಲೇಬಾರದು. ತಿಪ್ಪೆಯಲ್ಲಿ ತೆಳುವಾಗಿ ಹರಡಿ ಕಾಂಪೋಸ್ಟಿನ ಜೊತೆ ಬೆರೆಸುವುದು ಉತ್ತಮ.

ರೈತ ಬಾಂಧವರೇ, ಎಣ್ಣೆಯನ್ನು ಬಿಟ್ಟು ಕಟ್ಟಿಗೆಗೆ ಬರುವುದು ಒಳ್ಳೆಯ ನಿರ್ಧಾರವಾಗಬಲ್ಲದು. ಆದರೆ ಎಣ್ಣೆಯನ್ನು ಬೇಕಾದ ದಿನ ಪಂಪಿನಿಂದ ತರಬಹುದು. ಒಣ ಕಟ್ಟಿಗೆಯನ್ನು ಒಂದು ವರ್ಷ ಮೊದಲು ಕಡಿದು ಇಡಬೇಕು. ಈ ಹಂಗಾಮಿನಲ್ಲಿ ಬಾಯ್ಲರ್ ಕೊಳ್ಳಬೇಕೆಂದಿರುವವರು ಅವಸರ ಪಡದೆ ಈ ವರ್ಷ ಕಟ್ಟಿಗೆಯನ್ನಷ್ಟೇ ಕೂಡಿಸಿ ಒಣಗಿಸಲಿ. ಮುಂದಿನ ದೀಪಾವಳಿಗೆ ಒಟ್ಟಿಲಿನ ಮಧ್ಯದ ತುಂಡನ್ನು ತೂಗಿ ನೋಡಲಿ. ಅದು ಒಣಗಿದ್ದರೆ, ಗುಂಪಿನ ಹತ್ತೂ ಮನೆಗಳ ಪಾಲು ಬಂದು ಸೇರಿದ್ದರೆ, ಆಗ ಬಾಯ್ಲರಿನ ಅಂಗಡಿಗೆ ಹೋಗಲಿ. ಬಾಡಿಗೆಯ ಬಾಯ್ಲರಿನಲ್ಲಿ ಒಂದು ವರ್ಷ ಹೆಚ್ಚು ಕಳೆದರೆ ಆಗುವ ನಷ್ಟ ಸಣ್ಣದು. ಹಸಿ ಕಟ್ಟಿಗೆಯ ಮುಂದೆ ಹೊಸ ಬಾಯ್ಲರ್ ನಿಲ್ಲಿಸಿಕೊಂಡು, ಕಿತ್ತ ಅರಿಷಿಣ ರಾಶಿಯಲ್ಲಿ ಕೆಡುವುದನ್ನು ನೋಡುತ್ತ ಕೂಡ್ರುವ ನಷ್ಟ ದೊಡ್ಡದು.